ಆದಿವಾಲದ ಗೌರಮ್ಮನ ಹೊಟ್ಟೆ

ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗಿಯರು ಆಗಾಗ ನನ್ನ ಮನೆಗೆ ಬರುತ್ತಾರೆ. ಬಿಳಿ ಸೀರೆಯನ್ನು ಗರಿಗರಿಯಾಗಿ ಉಟ್ಟು ಜಗಲಿಯ ಮೇಲೆ ಕೂತು, "ಅಮ್ಮಾ, ನಿಮ್ಮ ಕಾಲದ ಆಸ್ಪತ್ರೆಯ ಕಥೆ ಹೇಳ್ರಿ" ಎನ್ನುತ್ತಾರೆ. ಅವರಿಗೆ ಬೇಕಾಗಿರುವುದು ನಾನು ಎಷ್ಟು ಜೀವ ಉಳಿಸಿದೆ ಎನ್ನುವ ಕಥೆ. ಅಂಥದ್ದು ನನ್ನ ಹತ್ತಿರ ಹೆಚ್ಚಿಲ್ಲ ತಾಯಿ. ಇದ್ದರೂ ಅದನ್ನು ಹೇಳಿಕೊಂಡು ಮೆರೆಯುವ ಮನಸ್ಸು ನನಗಿಲ್ಲ. ನೀವು ಕೈ ಹಾಕಿರುವ ಕೆಲಸ ಎಂಥದ್ದು ಎಂದು ಗೊತ್ತಾಗಲಿ ಅಂತ ಇದನ್ನು ಬರೆಯುತ್ತಿದ್ದೇನೆ. ಓದಿ ಕೆಲಸ ಬಿಟ್ಟು ಹೋದರೆ ನನ್ನನ್ನು ಬೈಯಬೇಡಿ.

ನನ್ನ ಊರು ಹೊಸದುರ್ಗದ ಹತ್ತಿರ. ಅಮ್ಮ ಸೂಲಗಿತ್ತಿ. ಹೆರಿಗೆಯಾದ ಮೇಲೆ ಬಾಣಂತಿಯ ಹೊಟ್ಟೆಗೆ ಹಳೇ ಸೀರೆಯ ಪಟ್ಟಿ ಸುತ್ತಿ ಬಿಗಿಯುವುದರಲ್ಲಿ ಅವಳನ್ನು ಮೀರಿಸುವವರು ನಮ್ಮ ಸುತ್ತಿನಲ್ಲಿ ಯಾರೂ ಇರಲಿಲ್ಲ. ಪಟ್ಟಿಯನ್ನು ಕೆಳಗಿನಿಂದ ಮೇಲಕ್ಕೆ ಸುತ್ತಿ, ಕೊನೆಯನ್ನು ಎಡಪಕ್ಕೆಯಲ್ಲಿ ಮಡಿಸಿ ಒಳಕ್ಕೆ ಸಿಕ್ಕಿಸುತ್ತಿದ್ದಳು. ಗಂಟು ಹಾಕುತ್ತಿರಲಿಲ್ಲ. ಗಂಟು ಹಾಕಿದರೆ ಮಲಗಿದಾಗ ಒತ್ತುತ್ತದೆ ಎನ್ನುವಳು. ಈ ಕಟ್ಟನ್ನು ನಾನು ಲಂಗ ಉಡುವ ವಯಸ್ಸಿನಲ್ಲೇ ಕಲಿತಿದ್ದೆ. ಅದೊಂದು ವಿದ್ಯೆಯನ್ನು ನಂಬಿಕೊಂಡು ಹೊಟ್ಟೆಪಾಡಿಗೆ ದುರ್ಗಕ್ಕೆ ಬಂದು ಆಸ್ಪತ್ರೆ ಸೇರಿದೆ. ಆಸ್ಪತ್ರೆಯ ಹೆಸರು ಬರೆಯುವುದಿಲ್ಲ. ಅಲ್ಲಿ ದುಡಿದವರ ಮಕ್ಕಳು ಮೊಮ್ಮಕ್ಕಳು ಇನ್ನೂ ಇದ್ದಾರೆ.

ನಮ್ಮ ದೊಡ್ಡ ಡಾಕ್ಟರು ಮದರಾಸಿನಲ್ಲಿ ಓದಿ ಬಂದವರು. ಕೈ ಬಂಗಾರ, ಬಾಯಿ ಬೆಂಕಿ. ಕತ್ತರಿ ಕೊಡುವುದು ಅರೆಗಳಿಗೆ ತಡವಾದರೆ ಅವರ ಬಾಯಿಂದ ಬರುತ್ತಿದ್ದ ಇಂಗ್ಲಿಷನ್ನು ಯಾರೂ ನಮಗೆ ಅರ್ಥ ಹೇಳಿಕೊಡಬೇಕಾಗಿರಲಿಲ್ಲ. ಅವರು ಮಾತಾಡುತ್ತಿದ್ದುದೆಲ್ಲ ಗಾಯದ ಜೊತೆ, ಗಾಯ ಆದವರ ಜೊತೆ ಅಲ್ಲ. ಬೆಳಿಗ್ಗೆ ಪಟ್ಟಿ ಬಿಚ್ಚಿ ನೋಡಿ, ಹೊಲಿಗೆ ಒಣಗಿದ್ದರೆ "ಭೇಷ್" ಎಂದು ಗಾಯಕ್ಕೆ ಹೇಳಿ ಮುಂದಿನ ಮಂಚಕ್ಕೆ ಹೋಗುತ್ತಿದ್ದರು. ಮಲಗಿದವರು ಆ ಭೇಷ್ ತಮಗೇ ಹೇಳಿದ್ದು ಅಂತ ಕೈ ಮುಗಿಯುತ್ತಿದ್ದರು.

ಈಗ ನಿಮಗೆ ರಬ್ಬರಿನ ಕೈಗವಸು ಉಂಟು, ಕುದಿಸಿದ ಹತಾರ ಉಂಟು. ನಾನು ಸೇರಿದಾಗ ಹತಾರಗಳನ್ನು ಕಾರ್ಬಾಲಿಕ್ ನೀರಿನಲ್ಲಿ ಅದ್ದಿ ಒರೆಸಿಕೊಡುತ್ತಿದ್ದೆವು, ಅಷ್ಟೇ. ಆ ನೀರಿಗೆ ನನ್ನ ಬೆರಳುಗಳೆಲ್ಲ ಸೀಳು ಬಿಟ್ಟು, ಸಾರಿಗೆ ಉಪ್ಪು ಹಾಕಲು ಹೋದರೆ ಜೀವ ಹೋಗುತ್ತಿತ್ತು. ಗಾಯ ಎಂದರೆ ಕೀವು ಆಗೇ ಆಗುತ್ತದೆ ಎಂದು ಹಳಬರು ನಂಬಿದ್ದರು. ಕೀವು ಗಟ್ಟಿಯಾಗಿ ಬಂದರೆ ಸಂತೋಷಪಡುತ್ತಿದ್ದರು! ಆಮೇಲೆ ಕುದಿಸುವುದು ಬಂತು, ಕೀವು ಕಡಿಮೆಯಾಯಿತು. ಜನ ಸಾಯುವುದು ಮಾತ್ರ ಪೂರ್ತಿ ನಿಲ್ಲಲಿಲ್ಲ. ಅದಕ್ಕೆ ಬೇರೆ ಬೇರೆ ದಾರಿಗಳಿದ್ದವು.

ಮೊದಮೊದಲು ಕಂಡದ್ದು ಒಂದು ಹೇಳುತ್ತೇನೆ. ಹೊಳಲ್ಕೆರೆ ತಾಲ್ಲೂಕಿನ ಬಿ.ದುರ್ಗದಿಂದ ಒಬ್ಬ ರೈತ ಬಂದಿದ್ದ. ಕರುಳು ಇಳಿದು ಸಿಕ್ಕಿಕೊಂಡು ಒದ್ದಾಡುತ್ತಿದ್ದ. ಡಾಕ್ಟರು ಕೊಯ್ದು ಸರಿ ಮಾಡಿದರು. ಬಾಯಿಗೆ ಏನೂ ಹಾಕಕೂಡದು, ತುಟಿ ಒಣಗಿದರೆ ಒದ್ದೆ ಬಟ್ಟೆ ಒತ್ತಬೇಕು ಎಂದು ಹೆಂಡತಿಗೆ ನಾನೇ ಬಿಡಿಸಿ ಹೇಳಿದೆ. ಅವಳು ತಲೆ ಆಡಿಸಿದಳು. ಆದರೆ ಎದುರಿಗೆ ಗಂಡ ಹಸಿವು ಹಸಿವು ಎನ್ನುತ್ತಿದ್ದರೆ ಯಾವ ಹೆಂಡತಿ ಕೇಳಿಕೊಂಡು ಕೂತಾಳು? ಸೆರಗಿನಲ್ಲಿ ಮುದ್ದೆ ಮುಚ್ಚಿಟ್ಟುಕೊಂಡು ಬಂದು ಉಣ್ಣಿಸಿದಳು. ವಾಂತಿಯಾಗಿ ಒಳಹೊಲಿಗೆ ಬಿಚ್ಚಿಕೊಂಡಿತು. ಮಾರನೇ ದಿನ ಅವನು ಹೋದ.

"ನಾ ಉಣ್ಸಿದ್ದಕ್ಕೇ ಹೋದ್ರೇನಮ್ಮ?" ಎಂದು ಅವಳು ನನ್ನ ಕೈ ಹಿಡಿದು ಕೇಳಿದಳು.

"ಇಲ್ಲ ಕಣವ್ವ, ಆಯಸ್ಸು ಮುಗಿದಿತ್ತು" ಅಂದೆ. ಈ ಕೆಲಸದಲ್ಲಿ ನೀವು ಮೊದಲು ಕಲಿಯುವುದು ಪಟ್ಟಿ ಕಟ್ಟುವುದನ್ನಲ್ಲ, ಇಂಥ ಮಾತು ಹೇಳುವುದನ್ನು.

ಇನ್ನು ಗೌರಮ್ಮನ ವಿಷಯ.

ಆ ವರ್ಷಗಳಲ್ಲಿ ಹಿರಿಯೂರಿನ ಕಡೆ ಮಾರಿಕಣಿವೆಯ ಕಟ್ಟೆ ಎದ್ದು, ನಾಲೆ ತೋಡುವ ಕೆಲಸ ನಡೆದಿತ್ತು. ಎಲ್ಲೆಲ್ಲಿಂದಲೋ ಬಂದ ಮಣ್ಣು ಕೆಲಸದವರು ಆದಿವಾಲದ ಸುತ್ತ ಗುಡಿಸಲು ಹಾಕಿಕೊಂಡಿದ್ದರು. ಗೌರಮ್ಮ ಆದಿವಾಲದ ರೈತರ ಮನೆಯ ಹೆಂಗಸು, ಲಿಂಗವಂತರು. ಗಂಡ ಪ್ಲೇಗಿನಲ್ಲಿ ತೀರಿಕೊಂಡಿದ್ದ. ಹೆತ್ತ ಮಕ್ಕಳಲ್ಲಿ ಉಳಿದವರು ಇಬ್ಬರು ಹೆಣ್ಣುಮಕ್ಕಳು, ಇಬ್ಬರಿಗೂ ಮದುವೆಯಾಗಿ ದೂರದ ಊರು ಸೇರಿದ್ದರು. ಇವಳು ಮೈದುನ ರುದ್ರಪ್ಪನ ಮನೆಯಲ್ಲಿದ್ದು, ನಾಲೆಯವರಿಗೆ ಮಜ್ಜಿಗೆ ಮಾರಿ ಕೈಗೆ ನಾಲ್ಕು ಕಾಸು ಮಾಡಿಕೊಳ್ಳುತ್ತಿದ್ದಳು. ಆಸ್ಪತ್ರೆಗೆ ಬಂದ ದಿನ ಸೆರಗನ್ನು ಎರಡು ಸುತ್ತು ಹೊಟ್ಟೆಗೆ ಸುತ್ತಿಕೊಂಡು, ಹೊಟ್ಟೆಯನ್ನು ಕೈಯಲ್ಲಿ ಎತ್ತಿ ಹಿಡಿದುಕೊಂಡೇ ನಡೆದು ಬಂದಳು.

ನಾನು ನೋಡಿದವಳೇ, "ಎಷ್ಟು ತಿಂಗಳವ್ವಾ?" ಅಂದೆ. ಹೆರಿಗೆಗೆ ಬಂದವರನ್ನು ಕೇಳುವ ಹಾಗೆ ಕೇಳಿದ್ದು.

ಅವಳು ಅಲ್ಲೇ ನೆಲಕ್ಕೆ ಕುಸಿದು ಕೂತಳು. "ನೀವೂ ಹಂಗೇ ಕೇಳ್ತೀರಲ್ಲ ನರ್ಸಮ್ಮ! ನಾನು ರಂಡೆಮುಂಡೆ ಕಣ್ರೀ. ನಮ್ಮ ಯಜಮಾನ್ರು ಹೋಗಿ ಎರಡು ವರ್ಷ ಆತು."

ಒಳಗೆ ಕರೆದೊಯ್ದು ಸೆರಗು ಬಿಚ್ಚಿ ನೋಡಿದೆ. ಮೇಲಿಂದ ಮೇಲೆ ಹೆತ್ತು ಹೊಟ್ಟೆಯ ಚರ್ಮ ಸಡಿಲಾಗಿ ಕೊಬ್ಬು ತುಂಬಿ ತೊಡೆಯವರೆಗೂ ಜೋಲುತ್ತಿತ್ತು. ಹೊಕ್ಕುಳ ಬಿಟ್ಟುಕೊಂಡು ಕರುಳು ಮುಂದಕ್ಕೆ ಉಬ್ಬಿತ್ತು. ಮಡಿಕೆಯ ಕೆಳಗೆ ಬೆವರಿಗೆ ಹುಣ್ಣಾಗಿ ನಾರುತ್ತಿತ್ತು. ಗಂಡ ಇರುವಾಗ ಇಷ್ಟು ಇರಲಿಲ್ಲವಂತೆ. ಅವನು ಹೋದ ಮೇಲೆ ಗಡಿಗೆ ಹೊತ್ತು ಹೊತ್ತು ಕರುಳು ಉಬ್ಬಿ ಹೊಟ್ಟೆ ಮುಂದೆ ಬಂದಿತ್ತು. ಊರಿನಲ್ಲಿ ಮಾತು ಎದ್ದಿತ್ತು. ವಿಧವೆಗೆ ಹೊಟ್ಟೆ ಬಂದಿದೆ, ನಾಲೆಯವರ ಸಹವಾಸ ಅಂತ. ಸುಗ್ಗಿ ಮುಗಿದ ಮೇಲೆ ಹಿರಿಯರು ಚಾವಡಿಯಲ್ಲಿ ಕೂತು ತೀರ್ಮಾನ ಮಾಡುತ್ತಾರೆ, ತಪ್ಪು ಅಂತ ಕಂಡರೆ ಇವಳಿಗೆ ಊರಿನ ಬೆಂಕಿ ನೀರು ಎರಡೂ ಇಲ್ಲ ಎಂದು ಮೈದುನನ ಹೆಂಡತಿ ಎದುರಿಗೇ ಹೇಳಿದ್ದಳಂತೆ.

"ನೋವು ಹೋಗ್ದಿದ್ರೂ ಚಿಂತಿಲ್ಲ ನರ್ಸಮ್ಮ. ಈ ಹೊಟ್ಟೆ ಹೋಗ್ಬೇಕು. ಚಪ್ಪಟೆ ಹೊಟ್ಟೆ ಹೊತ್ಕಂಡು ಊರೊಳಗೆ ನಡ್ಕಂಡು ಹೋಗ್ತೀನಿ. ಎಲ್ಲೈತೆ ಬಸುರು, ತೋರ್ಸ್ರಿ ನೋಡಾಣ ಅಂತ ಕೇಳ್ತೀನಿ."

ಈ ಮಾತು ನನಗೆ ಸರಿ ಎನಿಸಿತು. ಡಾಕ್ಟರಿಗೂ ಸರಿ ಎನಿಸಿತು. ಕೇಳಿದ ಯಾರಿಗೇ ಆಗಲಿ ಸರಿ ಎನಿಸುತ್ತಿತ್ತು.

ಡಾಕ್ಟರು ಹೊಟ್ಟೆಯನ್ನು ಎತ್ತಿ, ಒತ್ತಿ, ಬೆರಳಿನಲ್ಲಿ ಗೆರೆ ಎಳೆದು ನೋಡಿದರು. ಅವರ ಕಣ್ಣು ಹೊಳೆಯಿತು. ಅಂಥ ಆಪರೇಷನ್ ನಮ್ಮಲ್ಲಿ ಅದುವರೆಗೆ ಆಗಿರಲಿಲ್ಲ. "ಕರುಳನ್ನು ಒಳಕ್ಕೆ ತಳ್ಳಿ ಹೊಲಿಯುತ್ತೇನೆ. ಜೋಲುವ ಚರ್ಮ, ಕೊಬ್ಬು ಎಲ್ಲ ಕತ್ತರಿಸಿ ತೆಗೆದು ಮೇಲಿನದನ್ನು ಕೆಳಕ್ಕೆ ಎಳೆದು ಕೂಡಿಸುತ್ತೇನೆ. ಹೊಕ್ಕುಳ ಮಾತ್ರ ಉಳಿಯೋದಿಲ್ಲ, ಹೇಳಿಬಿಡು ಅವಳಿಗೆ" ಎಂದು ನನಗೆ ಹೇಳಿದರು. ಅವಳು ಪಕ್ಕದಲ್ಲೇ ಮಲಗಿದ್ದಳು.

"ಹೊಕ್ಕುಳ ಯಾತಕ್ಕೆ ತಗಳ್ರಿ. ಅದು ನಮ್ಮವ್ವನ ಗುರ್ತು. ಅವ್ವನೇ ಹೋಗಿ ಎಷ್ಟು ಕಾಲ ಆತು" ಎಂದು ಗೌರಮ್ಮ ನಕ್ಕಳು.

ಆಪರೇಷನ್ನಿಗೆ ಮುಂಚೆ ಏನೇನಾಗುತ್ತದೆ ಎಂದು ಹೇಳುವುದು ನನ್ನ ಪಾಲಿನ ಕೆಲಸ. ಒಂದೂ ಬಿಡದೆ ಹೇಳಿದೆ. ಹಿಂದಿನ ದಿನ ಹರಳೆಣ್ಣೆ ಕುಡಿಸಿ ಹೊಟ್ಟೆ ಖಾಲಿ ಮಾಡಿಸುತ್ತೇವೆ. ಕ್ಲೋರೋಫಾರಂ ಹಿಡಿದಾಗ ಉಸಿರು ಕಟ್ಟಿದ ಹಾಗಾಗುತ್ತದೆ, ಹೆದರಿ ಒದ್ದಾಡಬೇಡ. ಎಚ್ಚರ ಆದ ಮೇಲೆ ವಾಂತಿ ಬರುತ್ತದೆ, ಆಗ ಎರಡೂ ಕೈಯಿಂದ ಹೊಟ್ಟೆ ಒತ್ತಿ ಹಿಡಿದುಕೊ. ಕೆಮ್ಮಿದರೂ ಹಾಗೇ, ನಕ್ಕರೂ ಹಾಗೇ. ಮಂಡಿ ಮಡಿಸಿ ದಿಂಬಿನ ಮೇಲೆ ಇಡುತ್ತೇವೆ, ಕಾಲು ನೀಡಬೇಡ, ನೀಡಿದರೆ ಹೊಲಿಗೆ ಹರಿಯುತ್ತದೆ. ಎದ್ದು ಓಡಾಡುವಾಗ ಮುದುಕಿಯ ಹಾಗೆ ಬಗ್ಗಿಯೇ ನಡೆಯಬೇಕು, ನೆಟ್ಟಗಾಗಲು ಬಹಳ ದಿನ ಬೇಕು. ಹೊಲಿಗೆಯ ಮೇಲೆ ಮುಟ್ಟಿದರೆ ನಿನಗೇ ಗೊತ್ತಾಗುವುದಿಲ್ಲ, ಮೈ ಮರಗಟ್ಟಿರುತ್ತದೆ. ಆ ಪಕ್ಕೆಯಿಂದ ಈ ಪಕ್ಕೆಯವರೆಗೆ ಗೀರು ಉಳಿಯುತ್ತದೆ, ಸಾಯುವವರೆಗೂ ಹೋಗುವುದಿಲ್ಲ. ಎಲ್ಲಕ್ಕೂ ಹೂಂ ಹೂಂ ಅಂದಳು.

ಮೈಯಿಗೆ ಏನಾಗುತ್ತದೆ ಎನ್ನುವುದೆಲ್ಲ ಅದರಲ್ಲಿ ಇತ್ತು. ಅದರಾಚೆಗೂ ಹೇಳುವುದು ಇರುತ್ತದೆ ಎಂದು ನಮಗೆ ಯಾರು ಕಲಿಸಿದ್ದರು?

ಮೇಜಿನ ಮೇಲೆ ಮಲಗಿಸಿದಾಗ ಒಂದು ರಗಳೆಯಾಯಿತು. ಕೊರಳಿನಿಂದ ಜೋತ ಲಿಂಗದ ಕರಡಿಗೆ ಸರಿಯಾಗಿ ಹೊಟ್ಟೆಯ ಮೇಲೆ ಬೀಳುತ್ತಿತ್ತು. ಅಲ್ಲಿ ಏನೂ ಇರಕೂಡದು, ತೆಗೆ ಅದನ್ನು ಎಂದು ಡಾಕ್ಟರು ಗುಡುಗಿದರು. ಗೌರಮ್ಮ ಕರಡಿಗೆಯನ್ನು ಗಟ್ಟಿಯಾಗಿ ಹಿಡಿದುಕೊಂಡಳು.

"ಜೀವ ತಗಳ್ರಿ, ಲಿಂಗ ತೆಗೀಬ್ಯಾಡ್ರಿ. ಮೈಮೇಲಿಂದ ಅದು ಇಳಿದ್ರೆ ನಾನು ಎದ್ದು ಏನು ಮಾಡ್ಲಿ?"

"ಹಾಗಾದರೆ ಎದ್ದು ಮನೆಗೆ ಹೋಗಲಿ" ಅಂದರು ಡಾಕ್ಟರು, ನನಗೆ.

ತೋಳಿಗೆ ಕಟ್ಟಿದರೆ ಆಗುತ್ತದಾ ಎಂದು ಅವಳನ್ನೇ ಕೇಳಿದೆ. ಆಗುತ್ತದೆ ಎಂದಳು. ಮೈ ಬಿಡದ ಹಾಗೆ ಅವಳೇ ಕೈಯಾರೆ ಮೇಲಕ್ಕೆ ಸರಿಸಿದಳು, ನಾನು ದಾರ ಬಿಗಿದೆ. ಆಮೇಲೆ ಕಣ್ಣು ಮುಚ್ಚಿ ಕ್ಲೋರೋಫಾರಮ್ಮಿಗೆ ಮುಖ ಕೊಟ್ಟಳು, ಒಂದು ಸಲವೂ ಒದ್ದಾಡಲಿಲ್ಲ.

ಕೊಯ್ದು ತೆಗೆದದ್ದನ್ನು ಬೋಗುಣಿಯಲ್ಲಿ ಹಾಕಿ ನನ್ನ ಕೈಗೆ ಕೊಟ್ಟರು. ಒಂದು ದೊಡ್ಡ ಮುದ್ದೆ, ಮಧ್ಯದಲ್ಲಿ ಹೊಕ್ಕುಳ. ಅಂಥದ್ದನ್ನೆಲ್ಲ ಆಸ್ಪತ್ರೆಯ ಹಿಂದೆ ಹೊಂಗೆ ಮರದ ಬುಡದಲ್ಲಿ ಹೂಳುವುದು ನಮ್ಮ ಪದ್ಧತಿ. ತೋಟಿ ಗುಂಡಿ ತೋಡಿದ, ನಾನು ಇಟ್ಟೆ, ಅವನು ಮಣ್ಣು ಎಳೆದ. ನಾಯಿ ಕೆದಕದಿರಲಿ ಅಂತ ಮೇಲೊಂದು ಚಪ್ಪಡಿ ಇಟ್ಟೆವು.

ಡಾಕ್ಟರು ನೀರು ಕೊಡಬೇಡಿ ಎಂದ ದಿನ ಗೌರಮ್ಮ ಸುಮ್ಮನೆ ಇದ್ದಳು. ಕೊಡಬಹುದು ಎಂದ ದಿನ ಬಾಯಿ ಬಿಗಿದುಕೊಂಡಳು. ಪೂಜೆ ಆಗದೆ ನೀರು ಮುಟ್ಟುವುದಿಲ್ಲ, ಕೂರದೆ ಪೂಜೆ ಆಗುವುದಿಲ್ಲ ಎಂದಳು. ಕೂತರೆ ಹೊಲಿಗೆ ಹೋಗುತ್ತದೆ. ಜ್ವರ ಬೇರೆ ಬಂದಿತ್ತು. ನನಗೆ ಸಿಟ್ಟು ನೆತ್ತಿಗೇರಿತು. "ಲೇ ಗೌರಮ್ಮ, ಇಷ್ಟು ಕಷ್ಟಪಟ್ಟು ಬದುಕಿ ಈಗ ಬಾಯಾರಿ ಸಾಯ್ತೀಯಾ? ನಿನ್ನ ಶಿವನಿಗೆ ನೀನು ಮಲಗಿರೋದು ಕಾಣಲ್ವಾ?" ಎಂದು ರೇಗಿದೆ. ಅವಳು ಅತ್ತಳು. ಅತ್ತರೂ ಎರಡು ಕೈಯಲ್ಲಿ ಹೊಟ್ಟೆ ಹಿಡಿದುಕೊಂಡೇ ಅತ್ತಳು, ನಾನು ಹೇಳಿಕೊಟ್ಟ ಹಾಗೆ. ಕೊನೆಗೆ ಮಲಗಿದ್ದಂತೆಯೇ ಲಿಂಗವನ್ನು ಅಂಗೈಯಲ್ಲಿ ಇಟ್ಟುಕೊಂಡು ಎಡಗೈ ಚಾಚಿದಳು. ನಾನು ಅಂಗೈ ಅಲುಗದ ಹಾಗೆ ಕೆಳಗೆ ದಿಂಬು ಕೊಟ್ಟೆ. ಪೂಜೆ ಮುಗಿಸಿ ನೀರು ಕುಡಿದಳು. ಅಷ್ಟು ನೀರು ಕುಡಿದ ಮನುಷ್ಯರನ್ನು ನಾನು ಮತ್ತೆ ನೋಡಿಲ್ಲ.

ಹೊಲಿಗೆಯ ಒಂದು ಅಂಚು ಕಪ್ಪಾಗಿ ಕೊಳೆಯಿತು. ಒಳಗೆ ನೀರು ತುಂಬಿ, ನಳಿಕೆ ಇಟ್ಟು ಇಳಿಸಿದೆವು. ಇವಳೂ ಹೋದಳು ಎಂದು ನಾನು ಮನಸ್ಸಿನಲ್ಲೇ ಕೈ ಬಿಟ್ಟಿದ್ದೆ. ಆದರೆ ಮೈ ಗಟ್ಟಿ, ಗಾಯ ಮಾಯಿತು. ಆಸ್ಪತ್ರೆಯ ಅಗಲ ಪಟ್ಟಿ ಅವಳ ಸೊಂಟದಲ್ಲಿ ನಿಲ್ಲದೆ ಮೇಲಕ್ಕೆ ಜಾರುತ್ತಿತ್ತು. ನಾನು ಹಳೇ ಸೀರೆ ಹರಿದು ಅಮ್ಮ ಕಟ್ಟುತ್ತಿದ್ದ ಹಾಗೆ ಕೆಳಗಿನಿಂದ ಸುತ್ತಿ ಎಡಪಕ್ಕೆಗೆ ಸಿಕ್ಕಿಸಿದೆ. ಕಟ್ಟು ಕದಲಲಿಲ್ಲ. ಡಾಕ್ಟರು ನೋಡಿ ಭೇಷ್ ಅಂದರು. ಇನ್ನು ಮೇಲೆ ಹೊಟ್ಟೆ ಕೊಯ್ದವರಿಗೆಲ್ಲ ಇದೇ ಕಟ್ಟು ಕಟ್ಟಿ ಎಂದು ಹುಕುಂ ಮಾಡಿದರು.

ಮೊದಲ ಸಲ ಎದ್ದು ನಿಂತ ದಿನ ಗೌರಮ್ಮ ಬಗ್ಗಿಕೊಂಡೇ ನೆಲ ನೋಡಿದಳು. ನೋಡಿ ಕಿರುಚಿಬಿಟ್ಟಳು.

"ನರ್ಸಮ್ಮ! ನನ್ನ ಪಾದ ಕಾಣ್ತಾವೆ ಕಣ್ರೀ! ಕಾಲುಂಗುರ ತೆಗೆದ ಗುರ್ತು ಹಂಗೇ ಐತೆ ನೋಡ್ರಿ!"

ಇಡೀ ವಾರ್ಡು ನಕ್ಕಿತು. ನಾನೂ ನಕ್ಕೆ.

ಕಳಿಸುವಾಗ ಮತ್ತೆ ಬುದ್ಧಿ ಹೇಳಿದೆ. ಹೊಟ್ಟೆಯ ಕಟ್ಟು ಬಿಚ್ಚಬೇಡ. ಬಗ್ಗಿ ನಡೆ. ಬಿಂದಿಗೆ ಎತ್ತಬೇಡ. ಬಿಸಿನೀರೇ ಕುಡಿ. ಮೆತ್ತಗಿನ ಅನ್ನ ಉಣ್ಣು. ಥಂಡಿ ಗಾಳಿಗೆ ಕೆಮ್ಮು ಬಂದರೆ ಹೊಲಿಗೆಗೆ ಕೇಡು, ಕಿವಿ ಮುಚ್ಚಿ ತಲೆಗೆ ಬಟ್ಟೆ ಕಟ್ಟಿಕೊ. ನಾನೇ ಅವಳ ತಲೆಗೆ ಬಟ್ಟೆ ಕಟ್ಟಿ ಗಾಡಿ ಹತ್ತಿಸಿದೆ. ಜೋಗಿಮಟ್ಟಿಯ ಕಡೆಯಿಂದ ಗಾಳಿ ಬೀಸುತ್ತಿತ್ತು. "ಸುಗ್ಗಿ ಮುಗಿದ ಮ್ಯಾಲೆ ಬರ್ರಿ ನಮ್ಮೂರಿಗೆ, ಹೋಳಿಗೆ ಮಾಡ್ತೀನಿ" ಎಂದು ಕೂಗಿ ಹೇಳಿ ಹೋದಳು.

ಕರೆ ಬಂತು, ಹೋಳಿಗೆಗಲ್ಲ. ಅದೇ ಗಾಡಿಯವನು ಆಸ್ಪತ್ರೆಯ ಬಾಗಿಲಲ್ಲಿ ನಿಂತು, "ನೀವು ಈಗಿಂದೀಗ ಬರ್ಬೇಕು ಅಂತ ಗೌರಮ್ಮಾರು ಅಂದವ್ರೆ. ನಾಳೆ ಚಾವಡ್ಯಾಗೆ ಸೇರ್ತಾರೆ. ನೀವು ಬಂದು ಹೇಳಿದ್ರೆ ನಂಬ್ತಾರಂತೆ" ಎಂದ. ರಜ ಕೇಳಿ ಹೊರಟೆ. ದಾರಿಯಲ್ಲಿ ಅವನೇ ನಡೆದದ್ದನ್ನು ಹೇಳಿದ.

"ನಾನೇ ಇಳಿಸ್ದೆ ಅವ್ರನ್ನ. ಹೊಟ್ಟೆ ಬಿಗಿದ್ಕಂಡು, ತಲೆಗೆ ಬಟ್ಟೆ ಕಟ್ಕಂಡು, ಬಗ್ಗಿ ಬಗ್ಗಿ ನಡ್ಕಂಡು ಹೋದ್ರು. ವಾರಗಿತ್ತಿ ಬಾಗ್ಲಾಗೇ ನಿಂತಿದ್ಲು. ಬಾಣಂತಿ ಬಂದ್ಲು, ಒಲೆ ಮ್ಯಾಲೆ ನೀರು ಕಾಯಕ್ಕಿಡ್ರೇ ಅಂತ ಬೀದಿಗೆಲ್ಲ ಕೇಳೋ ಹಂಗೆ ಅಂದ್ಲು."

ಗಾಡಿಯಲ್ಲೇ ನನಗೆ ಹೊಳೆಯಿತು. ಸೂಲಗಿತ್ತಿಯ ಮಗಳು ನಾನು. ತಲೆಗೆ ಬಟ್ಟೆ, ಹೊಟ್ಟೆಗೆ ಪಟ್ಟಿ, ಬಿಸಿನೀರು, ಮೆತ್ತಗಿನ ಅನ್ನ, ಬಿಂದಿಗೆ ಎತ್ತುವ ಹಾಗಿಲ್ಲ. ನಾವು ಅವಳಿಗೆ ಹೇಳಿ ಕಳಿಸಿದ್ದೆಲ್ಲ ಬಾಣಂತನವೇ. ದೊಡ್ಡ ಹೊಟ್ಟೆ ಹೊತ್ತು ಊರು ಬಿಟ್ಟವಳು ಹೊಟ್ಟೆ ಇಳಿಸಿಕೊಂಡು ಬಾಣಂತಿಯ ಹಾಗೆ ಊರಿಗೆ ಬಂದರೆ ಕಂಡವರು ಇನ್ನೇನು ಅಂದುಕೊಂಡಾರು?

ಚಾವಡಿಯಲ್ಲಿ ಹಿರಿಯರು ಕೂತಿದ್ದರು. ಕೆಟ್ಟವರಲ್ಲ. ನನಗೆ ಚಾಪೆ ಹಾಕಿಸಿ, "ಕುಂತ್ಕಳ್ರಿ ಅಮ್ಮ, ಬಿಸ್ಲಾಗೆ ಬಂದೀರಿ, ಮಜ್ಜಿಗೆ ಕುಡೀರಿ" ಎಂದರು. ಹೆಣ್ಣಿನ ಮೈ ಗಂಡಸರು ನೋಡುವ ಹಾಗಿಲ್ಲವಾದ್ದರಿಂದ ಊರಿನ ಹಳೇ ಸೂಲಗಿತ್ತಿ ತಿಮ್ಮಕ್ಕ ಒಳಗೆ ನೋಡಿ ಬಂದು ಹೇಳಬೇಕು, ಅವಳು ಹೇಳಿದ್ದೇ ಕೊನೆ ಎಂದು ಗೊತ್ತು ಮಾಡಿದ್ದರು. ತಿಮ್ಮಕ್ಕನಿಗೆ ನನ್ನ ಅಮ್ಮನ ವಯಸ್ಸು. ಗೌರಮ್ಮನಿಗೆ ಹೆಣ್ಣುಮಕ್ಕಳಿಬ್ಬರೂ ಹುಟ್ಟಿದಾಗ ಹೆರಿಗೆ ಮಾಡಿಸಿದವಳು ಅವಳೇ.

ಒಳಗೆ ಗೌರಮ್ಮ ಗೋಡೆಗೆ ಒರಗಿ ನಿಂತಿದ್ದಳು. ನನ್ನನ್ನು ಕಂಡು ಮುಖ ಅರಳಿತು. "ಬಂದ್ರಲ್ಲ, ಇನ್ನ ನಂಗೆ ಭಯ ಇಲ್ಲ" ಅಂದಳು.

ತಿಮ್ಮಕ್ಕ ಸೆರಗು ಸರಿಸಿ ಹೊಟ್ಟೆಯ ಕಟ್ಟು ನೋಡಿದಳು. ಎಡಪಕ್ಕೆಯ ಮಡಿಕೆಯನ್ನು ಬೆರಳಿನಿಂದ ಮುಟ್ಟಿದಳು.

"ಇದು ಯಾರು ಕಟ್ಟಿದ್ದು?"

"ನಾನೇ" ಅಂದೆ.

"ಇದು ಬಾಣಂತಿ ಕಟ್ಟು."

"ಕಟ್ಟು ಅದೇ ಅಜ್ಜಿ. ಆದರೆ ಇದನ್ನ ಕಟ್ಟಿದ್ದು ಹೊಲಿಗೆಗೆ."

ತಿಮ್ಮಕ್ಕ ಪಟ್ಟಿ ಬಿಚ್ಚಿದಳು. ಆ ಪಕ್ಕೆಯಿಂದ ಈ ಪಕ್ಕೆಗೆ ಕೆಂಪು ಗೀರು. ಹೊಕ್ಕುಳ ಇರಬೇಕಾದ ಕಡೆ ಏನೂ ಇಲ್ಲ. ಮುದುಕಿ ಬೆಚ್ಚಿ ಕೈ ಹಿಂದಕ್ಕೆ ಎಳೆದುಕೊಂಡಳು. ಎಷ್ಟೋ ಹೊಕ್ಕುಳಬಳ್ಳಿ ಕತ್ತರಿಸಿದ ಕೈ ಅದು, ಹೊಕ್ಕುಳವೇ ಇಲ್ಲದ ಮನುಷ್ಯರನ್ನು ನೋಡಿರಲಿಲ್ಲ.

"ಇಲ್ಲಿಂದ ತೆಗೆದ್ರೇನಮ್ಮ?"

"ತೆಗೆದದ್ದು ಕೊಬ್ಬು, ಚರ್ಮ. ಬಸುರಲ್ಲ. ನನ್ನ ಕಣ್ಣಾರೆ ನೋಡಿದ್ದೇನೆ. ನನ್ನ ಕೈಯಲ್ಲೇ ಹಿಡಿದಿದ್ದೇನೆ."

"ನಿನ್ನ ಕೈಗೇ ಕೊಟ್ರಾ?"

"ಹೌದು."

"ಏನು ಮಾಡಿದ್ರಿ ಅದನ್ನ?"

"ಹೂತೆವು."

ಬಾಯಿಂದ ಬಂದ ಮೇಲೆ ನನಗೇ ಕೇಳಿಸಿತು ಆ ಮಾತು. ಬಾಗಿಲ ಸಂದಿಯಲ್ಲಿ ನಿಂತಿದ್ದ ಹೆಂಗಸರು ಒಳಕ್ಕೆ ಬಗ್ಗಿದರು.

"ಎಲ್ಲಿ?"

"ಆಸ್ಪತ್ರೆಯ ಹಿಂದೆ. ಹೊಂಗೆ ಮರದ ಬುಡದಲ್ಲಿ. ಅಜ್ಜೀ, ಅಲ್ಲಿ ಎಲ್ಲಾನೂ ಅಲ್ಲೇ ಹೂಳೋದು, ಕೊಳೆತ ಬೆರಳು ಕತ್ತರಿಸಿದರೂ ಅಲ್ಲೇ..." ಎಂದು ನಾನು ಹೇಳುತ್ತಲೇ ಹೋದೆ. ಯಾರೂ ಕೇಳುತ್ತಿರಲಿಲ್ಲ.

ಗೌರಮ್ಮ ಕರಡಿಗೆ ಹಿಡಿದಳು. "ಲಿಂಗ ಮುಟ್ಟಿ ಹೇಳ್ತೀನಿ ತಿಮ್ಮಕ್ಕಜ್ಜಿ. ನನ್ನ ಯಜಮಾನ್ರ ಹೊರತು ನಂಗೆ ಯಾರೂ ಇಲ್ಲ. ನೀನೇ ಅಲ್ವಾ ನನ್ನ ಮಕ್ಕಳನ್ನ ಎತ್ತಿದ್ದು? ನಿಂಗೆ ಗೊತ್ತಿಲ್ವಾ ನಾನು?"

ತಿಮ್ಮಕ್ಕನ ಕಣ್ಣಲ್ಲಿ ನೀರು ಬಂತು. "ನೀನು ಸುಳ್ಳು ಹೇಳ್ತೀಯ ಅಂತ ನಾ ಅನ್ನಲ್ಲ ಕಣೇ ಗೌರಿ. ನಾ ಕಂಡಿದ್ದನ್ನ ನಾ ಹೇಳ್ಬೇಕು. ಇನ್ನೇನು ಹೇಳ್ಲಿ?"

ಹೊರಗೆ ಹೋಗಿ ಅವಳು ಹೇಳಿದ್ದು ಇಷ್ಟೇ. "ಹೊಟ್ಟೆ ಇತ್ತು, ಈಗಿಲ್ಲ. ಕೊಯ್ದು ತೆಗೆದವ್ರೆ. ತೆಗೆದಿದ್ದನ್ನ ಹೂತವ್ರೆ." ಅದರಲ್ಲಿ ಒಂದು ಅಕ್ಷರ ಸುಳ್ಳಿಲ್ಲ. ನಾನು ಎದ್ದು ಕೂಗಾಡಿದೆ. ಡಾಕ್ಟರನ್ನೇ ಕರೆಸಿ ಅಂದೆ. ಒಬ್ಬ ಹಿರಿಯರು ಮೆಲ್ಲಗೆ, "ತೆಗೆದೋರೇ ಅವ್ರಲ್ವೇನಮ್ಮ, ಅವ್ರನ್ನ ಏನು ಕೇಳೋದು?" ಎಂದರು. ಮೈದುನ ರುದ್ರಪ್ಪ ಕಂಬಕ್ಕೆ ಒರಗಿ ತಲೆ ತಗ್ಗಿಸಿ ಕೂತಿದ್ದ, ಎತ್ತಲೇ ಇಲ್ಲ. ಬೆಂಕಿ ನೀರು ಇಲ್ಲ ಎಂದಾಯಿತು. ಅದೇ ಗಾಡಿಯಲ್ಲಿ ಗೌರಮ್ಮನನ್ನು ಕೂರಿಸಿಕೊಂಡು ವಾಪಸು ಬಂದೆ. ಬೇರೆ ಎಲ್ಲಿಗೆ ಕಳಿಸಲಿ? ಹೆಣ್ಣುಮಕ್ಕಳ ಅತ್ತೆಮನೆಗೆ ಈ ಸುದ್ದಿ ನಮಗಿಂತ ಮೊದಲೇ ಹೋಗಿರುತ್ತದೆ ಎಂದು ಅವಳೇ ಅಂದಳು.

ಮುಂದೆ ಅಂಥದ್ದೇ ಹೊಟ್ಟೆ ಹೊತ್ತ ಹೆಂಗಸರು ಬಂದರು. ಡಾಕ್ಟರು ಕೊಯ್ದರು. ನಾನು ಅಮ್ಮನ ಕಟ್ಟನ್ನು ಮತ್ತೆ ಯಾರಿಗೂ ಕಟ್ಟಲಿಲ್ಲ. ಹೊಟ್ಟೆಯ ಮುಂಭಾಗದಲ್ಲೇ, ಎಲ್ಲರಿಗೂ ಕಾಣುವ ಹಾಗೆ ಗಂಟು ಹಾಕುತ್ತಿದ್ದೆ. ಒತ್ತುತ್ತದೆ ಎಂದು ಗೋಳಾಡಿದರೂ ಬಿಡಲಿಲ್ಲ. ನಿಮ್ಮ ಊರಿನ ಮುದುಕಿಯರನ್ನು ಕರೆಸಿ, ಕೊಯ್ಯುವ ಮೊದಲೇ ಹೊಟ್ಟೆ ಮುಟ್ಟಿಸಿ ಎಂದು ಹೇಳುತ್ತಿದ್ದೆ. ಕೆಲವರು ಕರೆಸಿದರು, ಬಹಳ ಜನ ನಾಚಿಕೊಂಡರು. ನೀವು ಇಷ್ಟನ್ನಾದರೂ ಹೇಳಿ. ಹೇಳಿದರೆ ಏನಾದರೂ ಆಗುತ್ತದೆ ಎನ್ನುವ ಭರವಸೆ ನನಗಂತೂ ಇಲ್ಲ.

ದುರ್ಗಕ್ಕೆ ಬಂದ ದಿನ ಗೌರಮ್ಮನನ್ನು ಡಾಕ್ಟರ ಮುಂದೆ ನಿಲ್ಲಿಸಿ ನಡೆದದ್ದನ್ನೆಲ್ಲ ಹೇಳಿದೆ. ಅವರು ಕೇಳಿಸಿಕೊಂಡರೋ ಇಲ್ಲವೋ. ಪಟ್ಟಿ ಬಿಚ್ಚಿಸಿ, ಬಗ್ಗಿ, ಗೀರಿನ ಉದ್ದಕ್ಕೂ ಬೆರಳು ಆಡಿಸಿದರು.

"ಭೇಷ್. ಎಷ್ಟು ಚೆನ್ನಾಗಿ ಕೂಡಿದೆ!"

"ಡಾಕ್ಟ್ರೇ" ಅಂದಳು ಗೌರಮ್ಮ. "ಹೊಲಿಗೆ ಬಿಚ್ರಿ. ತೆಗೆದಿದ್ದನ್ನ ತಿರುಗಿ ಹೊಲೀರಿ."

ಡಾಕ್ಟರು ಅವಳ ಮುಖವನ್ನು ಮೊದಲನೇ ಸಲ ನೋಡಿದರು.

"ಹೊಟ್ಟೆ ಇದ್ದಿದ್ರೆ ಬರೋ ಸುಗ್ಗಿಗೂ ಹಂಗೇ ಇರೋದು, ಅದರಾಚೆ ಸುಗ್ಗಿಗೂ ಹಂಗೇ ಇರೋದು. ಹೆರೋ ಹೊಟ್ಟೆ ಅಲ್ಲ ಇದು ಅಂತ ಅವರಿಗೇ ಒಂದಿನ ಗೊತ್ತಾಗೋದು. ನಂಗೆ ಇದ್ದ ಸಾಕ್ಷಿ ಅದೊಂದೇ ಆಗಿತ್ತು ಡಾಕ್ಟ್ರೇ. ವಾಪಸ್ ಕೊಡ್ರಿ."

ಡಾಕ್ಟರು ಕೈ ತೊಳೆಯುವ ಬೋಗುಣಿಯ ಕಡೆ ತಿರುಗಿದರು. ಬಹಳ ಹೊತ್ತು ತೊಳೆಯುತ್ತಲೇ ಇದ್ದರು.

ಅವಳು ನನ್ನ ಕಡೆ ನೋಡಿದಳು. "ಎಲ್ಲಿ ಹೂತೀರಿ? ತೋರ್ಸ್ರಿ."

ಕರೆದುಕೊಂಡು ಹೋಗಿ ತೋರಿಸಿದೆ. ಹೊಂಗೆಯ ಹೂವು ಉದುರಿ ಚಪ್ಪಡಿ ಮುಚ್ಚಿಹೋಗಿತ್ತು. ಗೌರಮ್ಮ ಸೆರಗಿನಿಂದ ಹೂವು ಗುಡಿಸಿದಳು, ಬಗ್ಗಿದ ಸೊಂಟದಲ್ಲೇ ಮೆಲ್ಲಗೆ ಕೂತಳು, ಚಪ್ಪಡಿಯ ಮೇಲೆ ಒಂದು ಕೈ ಇಟ್ಟಳು. ನಾನು ಎಷ್ಟು ಕರೆದರೂ ಏಳಲಿಲ್ಲ. ವಾರ್ಡಿನಲ್ಲಿ ಕೆಲಸವಿತ್ತು, ಬಿಟ್ಟು ಬಂದೆ.

ಮಗನಿಗೆ ಔಷಧಿ ಕೊಡಿಸಲು ಬಂದಿದ್ದ ಒಬ್ಬ ಹೆಂಗಸು ಕಿಟಕಿಯಿಂದ ಅತ್ತ ನೋಡಿದಳು. ಲೊಚಗುಟ್ಟಿ ನನ್ನನ್ನು ಕೇಳಿದಳು:

"ಅಯ್ಯೋ ಪಾಪ, ಗಂಡು ಕೂಸೋ ಹೆಣ್ಣು ಕೂಸೋ ನರ್ಸಮ್ಮ?"